ಹೇಳದೆ ಬಿಟ್ಟ ಕೆಲಸ, ಕೇಳುವ ಹೊಸ ಕಂಪನಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದು ಬಂದಿವೆ: ನೋಟಿಸ್ ಕೊಡದೆ ಕೆಲಸ ಬಿಟ್ಟದ್ದು. ಬಿಟ್ಟವರೂ ಬರೆದಿದ್ದಾರೆ, ಆಳು ಕೈಕೊಟ್ಟ ಮಾಲೀಕರೂ ಬರೆದಿದ್ದಾರೆ. ಆದ್ದರಿಂದ ಬಡ್ತಿ, ವರ್ಗಾವಣೆಯ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಓದಿದವಳು. 2023ರ ಜೂನ್‌ನಲ್ಲಿ ಬೆಂಗಳೂರಿನ ಕಂಪನಿಯೊಂದರ ಗ್ರಾಹಕ ಸೇವಾ ವಿಭಾಗಕ್ಕೆ ಸೇರಿದೆ. ಸಂಬಳ 28 ಸಾವಿರ. ಮರುವರ್ಷ ಆಗಸ್ಟ್‌ನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಹುಬ್ಬಳ್ಳಿಯ ಕಿಮ್ಸ್‌ಗೆ ಸೇರಿಸಿದ್ದರು, ನಾನು ರಾತ್ರಿ ಬಸ್ಸು ಹಿಡಿದು ಹೋದೆ. ಟೀಮ್ ಲೀಡರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ‘ಅಪ್ಪನಿಗೆ ಹುಷಾರಿಲ್ಲ’ ಎಂದು ಒಂದು ಸಾಲು ಹಾಕಿದ್ದು ಬಿಟ್ಟರೆ ಏನೂ ತಿಳಿಸಲಿಲ್ಲ. ಕಂಪನಿಯಿಂದ ಮೂರು ಇ-ಮೇಲ್ ಬಂದವು. ಭಯದಿಂದ ತೆರೆಯಲಿಲ್ಲ. ನಾಲ್ಕನೆಯದರಲ್ಲಿ ನನ್ನನ್ನು ‘ಅಬ್‌ಸ್ಕಾಂಡಿಂಗ್’ (ಹೇಳದೆ ತಲೆಮರೆಸಿಕೊಂಡವಳು) ಎಂದು ತೀರ್ಮಾನಿಸಿ, ಎರಡು ತಿಂಗಳ ನೋಟಿಸ್ ಬದಲಿಗೆ 56 ಸಾವಿರ ಕಟ್ಟಬೇಕೆಂದು ಬರೆದಿದ್ದರು. ಅವರ ಲ್ಯಾಪ್‌ಟಾಪ್ ಇನ್ನೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಈಗ ಅಪ್ಪ ಕೋಲು ಹಿಡಿದು ಓಡಾಡುತ್ತಾರೆ. ಬೆಂಗಳೂರಿನ ಇನ್ನೊಂದು ಕಂಪನಿಯಲ್ಲಿ ಆಯ್ಕೆಯಾಗಿದ್ದೇನೆ, ಅವರು ರಿಲೀವಿಂಗ್ ಲೆಟರ್ (ಹಳೆಯ ಕೆಲಸದಿಂದ ಬಿಡುಗಡೆ ಪತ್ರ) ಕೇಳುತ್ತಿದ್ದಾರೆ. ಕನ್ಸಲ್ಟೆನ್ಸಿಯವರು ‘ಆ ಕೆಲಸವನ್ನೇ ರೆಸ್ಯುಮೆಯಿಂದ ಕಿತ್ತುಹಾಕು, ಇಲ್ಲದಿದ್ದರೆ ಎಂಟು ಸಾವಿರ ಕೊಡು, ಲೆಟರ್ ಮಾಡಿಸಿಕೊಡುತ್ತೇವೆ’ ಎನ್ನುತ್ತಾರೆ. ನಾನು ಬ್ಲ್ಯಾಕ್‌ಲಿಸ್ಟ್ ಆಗಿದ್ದೇನೆಯೇ? ಇನ್ನು ಎಲ್ಲಿಯೂ ಕೆಲಸ ಸಿಗುವುದಿಲ್ಲವೇ?
(ಹೆಸರು ಬೇಡ, ಶಿಗ್ಗಾವಿ)

ಉತ್ತರ: ಮೊದಲು ಆ ಟ್ರಂಕು ತೆಗೆಯಿರಿ ತಾಯಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ಹುಟ್ಟಿಸಿದ್ದು ಅದೊಂದೇ ಸಾಲು. ಕೆಲಸಕ್ಕೆ ಹೋಗದಿರುವುದು ಅಪರಾಧವಲ್ಲ, ಹೆಚ್ಚೆಂದರೆ ಕರಾರು ಮುರಿದಂತೆ. ಪೊಲೀಸರಿಗೆ ಅಲ್ಲಿ ಕೆಲಸವಿಲ್ಲ. ಆದರೆ ಕಂಪನಿಯ ವಸ್ತುವನ್ನು ಕೇಳಿದ ಮೇಲೂ ಹಿಂದಿರುಗಿಸದೆ ಇಟ್ಟುಕೊಂಡರೆ ನಂಬಿಕೆ ದ್ರೋಹದ ದೂರು ಕೊಡಲು ಅವರಿಗೆ ದಾರಿ ತೆರೆದಿಟ್ಟಂತೆ. ಲ್ಯಾಪ್‌ಟಾಪ್, ಚಾರ್ಜರ್, ಹೆಡ್‌ಸೆಟ್, ಗುರುತಿನ ಚೀಟಿ ಎಲ್ಲವನ್ನೂ ಮೇಜಿನ ಮೇಲಿಟ್ಟು, ಲ್ಯಾಪ್‌ಟಾಪಿನ ಕೆಳಭಾಗದ ಸೀರಿಯಲ್ ನಂಬರ್ ಓದುವಂತೆ ಫೋಟೋ ತೆಗೆಯಿರಿ. ವಿಮೆ ಮಾಡಿಸಿ ಕೊರಿಯರ್ ಮಾಡಿ. ಬೆಂಗಳೂರಿಗೆ ಹೋಗುವವರಿದ್ದರೆ ನೀವೇ ಒಯ್ದು ಕೊಟ್ಟು, ಸಹಿ ಹಾಕಿಸಿದ ಸ್ವೀಕೃತಿ ಪಡೆದರೆ ಇನ್ನೂ ಒಳ್ಳೆಯದು. ಸೆಕ್ಯುರಿಟಿಯವನ ಕೈಗೆ ಕೊಟ್ಟು ಬರಬೇಡಿ.

ಅದೇ ದಿನ ಎಚ್.ಆರ್. ವಿಭಾಗಕ್ಕೆ ಒಂದು ಇ-ಮೇಲ್ ಬರೆಯಿರಿ. ಉದ್ದ ಬೇಡ. ಇಂಥ ದಿನ ತಂದೆಗೆ ಪಾರ್ಶ್ವವಾಯು ಆಯಿತು, ಆಸ್ಪತ್ರೆಯ ಬಿಡುಗಡೆ ಪತ್ರ ಲಗತ್ತಿಸಿದ್ದೇನೆ, ಸರಿಯಾಗಿ ತಿಳಿಸಲಾಗಲಿಲ್ಲ, ವಸ್ತುಗಳನ್ನು ಹಿಂದಿರುಗಿಸಿದ್ದೇನೆ, ಬಾಕಿ ಲೆಕ್ಕ ತೀರಿಸಿ ಸೇವಾ ಪತ್ರ ಪಡೆಯಲು ಸಿದ್ಧಳಿದ್ದೇನೆ. ಇಷ್ಟು ಸಾಕು. ಟೀಮ್ ಲೀಡರ್ ಕಿರುಕುಳ ಕೊಡುತ್ತಿದ್ದ, ಶಿಫ್ಟ್ ಸರಿಯಿರಲಿಲ್ಲ ಎಂಬ ಹಳೆಯ ಸಿಟ್ಟೆಲ್ಲ ಇದರಲ್ಲಿ ಬರಬಾರದು. ಈ ಪತ್ರ ನಿಮ್ಮ ಫೈಲಿನಲ್ಲಿ ಉಳಿಯುತ್ತದೆ, ನಾಳೆ ಯಾರಾದರೂ ವಿಚಾರಿಸಿದಾಗ ಅಲ್ಲಿ ಕುಳಿತವರು ಓದುವುದು ಇದನ್ನೇ.

ಇನ್ನು 56 ಸಾವಿರ. ನೇಮಕಾತಿ ಪತ್ರ ಹುಡುಕಿ, ನೋಟಿಸ್ ಬದಲಿಗೆ ಕಟ್ಟಬೇಕಾದದ್ದು ಒಟ್ಟು ಸಂಬಳವೋ ಮೂಲ ವೇತನವೋ ನೋಡಿ. ಎಷ್ಟೋ ಪತ್ರಗಳಲ್ಲಿ ಮೂಲ ವೇತನ ಎಂದೇ ಬರೆದಿರುತ್ತದೆ, ಕಳುಹಿಸುವ ಬೇಡಿಕೆಯಲ್ಲಿ ಮಾತ್ರ ಒಟ್ಟು ಸಂಬಳ ಕುಳಿತಿರುತ್ತದೆ. ಹಾಗಿದ್ದರೆ ಮೊತ್ತ ಅರ್ಧದಷ್ಟಕ್ಕೆ ಇಳಿಯಬಹುದು. ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿಸಿದ್ದರೆ ಕೊಡಬೇಕಾಗಿಲ್ಲ. ನೋಟಿಸ್ ವೇತನದ ವಸೂಲಿಗೆ ಜಿಎಸ್‌ಟಿ ಇಲ್ಲವೆಂದು 2022ರ ಆಗಸ್ಟ್ 3ರ ಕೇಂದ್ರದ ಸುತ್ತೋಲೆಯೇ ಹೇಳಿದೆ. ಆಗಸ್ಟ್‌ನಲ್ಲಿ ನೀವು ದುಡಿದ ದಿನಗಳ ಸಂಬಳ, ಉಳಿದ ಗಳಿಕೆ ರಜೆ ಅವರ ಬಳಿಯೇ ಇದೆ. ಅದನ್ನು ಹಿಡಿದುಕೊಂಡು ಉಳಿದದ್ದನ್ನು ಎರಡು ಕಂತಿನಲ್ಲಿ ಕೊಡುತ್ತೇನೆ ಎಂದು ನೀವಾಗಿ ಕೇಳಿದರೆ ಬಹಳಷ್ಟು ಕಂಪನಿಗಳು ಒಪ್ಪುತ್ತವೆ. ತಂದೆಯ ಕಾಯಿಲೆಯ ದಾಖಲೆ ನೋಡಿ ಪೂರ್ತಿ ಮನ್ನಾ ಮಾಡಿದವರನ್ನೂ ನಾನು ಕಂಡಿದ್ದೇನೆ. 56 ಸಾವಿರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವ ಕಂಪನಿಗಳು ತೀರಾ ವಿರಳ, ವಕೀಲರ ಶುಲ್ಕವೇ ಅದನ್ನು ಮೀರುತ್ತದೆ. ಹಾಗೆಂದು ಅದನ್ನೇ ಧೈರ್ಯ ಮಾಡಿಕೊಂಡು ಸುಮ್ಮನಿರಬೇಡಿ. ನಿಮಗೆ ಈಗ ಬೇಕಾಗಿರುವುದು ದಾವೆಯಿಂದ ತಪ್ಪಿಸಿಕೊಳ್ಳುವುದಲ್ಲ, ಒಂದು ಕಾಗದ.

ಆ ಕಾಗದ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೊಸ ಕಂಪನಿ ನಡೆಸುವ ಹಿನ್ನೆಲೆ ಪರಿಶೀಲನೆ ಎಂದರೆ ಸಿಬಿಐ ತನಿಖೆ ಎಂದು ನಿಮ್ಮಂಥ ಮಕ್ಕಳು ಅಂದುಕೊಂಡಿರುತ್ತಾರೆ. ಪೀಣ್ಯದ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದಾಗಲೂ, ಆಮೇಲೆ ಐಟಿ ಕಂಪನಿಗೆ ಬಂದಾಗಲೂ ಈ ನಮೂನೆಗಳನ್ನು ತುಂಬಿದವಳು ನಾನು. ಹೊಸ ಕಂಪನಿ ನೇಮಿಸಿದ ಏಜೆನ್ಸಿಯಿಂದ ಹಳೆಯ ಕಂಪನಿಗೆ ಒಂದು ಇ-ಮೇಲ್ ಬರುತ್ತದೆ. ಉದ್ಯೋಗಿ ಸಂಖ್ಯೆ, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಬಾಕಿ ಏನಾದರೂ ಇದೆಯೇ, ಮತ್ತೆ ಸೇರಿಸಿಕೊಳ್ಳುತ್ತೀರಾ: ಇಷ್ಟೇ ಅಂಕಣಗಳು. ತುಂಬುವವರು ಸಾಮಾನ್ಯವಾಗಿ ನಿಮ್ಮ ಮುಖವನ್ನೇ ನೋಡಿರದ ಕಿರಿಯ ಗುಮಾಸ್ತರು. ಸಂಜೆಯೊಳಗೆ ಇಂಥ ಇಪ್ಪತ್ತು ನಮೂನೆ ಮುಗಿಸಬೇಕಿರುತ್ತದೆ. ಕಂಪ್ಯೂಟರಿನಲ್ಲಿ ಏನಿದೆಯೋ ಅದನ್ನೇ ಇಳಿಸುತ್ತಾರೆ. ಅಲ್ಲಿ ‘ಅಬ್‌ಸ್ಕಾಂಡಿಂಗ್, ಬಾಕಿ ಇದೆ’ ಎಂದಿದ್ದರೆ ಅದೇ ಹೋಗುತ್ತದೆ. ನೀವು ಲೆಕ್ಕ ತೀರಿಸಿ ‘ರಾಜೀನಾಮೆ, ಬಾಕಿ ಇಲ್ಲ’ ಎಂದು ಬದಲಾಯಿಸಿಕೊಂಡಿದ್ದರೆ ಅದು ಹೋಗುತ್ತದೆ. ‘ಮತ್ತೆ ಸೇರಿಸಿಕೊಳ್ಳುವುದಿಲ್ಲ’ ಎಂಬ ಗುರುತು ಮಾತ್ರ ಉಳಿಯಬಹುದು, ಉಳಿಯಲಿ ಬಿಡಿ. ನೀವು ಅಲ್ಲಿಗೆ ಮತ್ತೆ ಹೋಗುವವರೂ ಅಲ್ಲ.

ಏಜೆನ್ಸಿ ತನ್ನ ವರದಿಗೆ ಹಸಿರು, ಹಳದಿ, ಕೆಂಪು ಎಂದು ಬಣ್ಣ ಹಚ್ಚಿ ಕೊಡುತ್ತದೆ. ನೀವು ಅರ್ಜಿಯಲ್ಲಿ ಬರೆದದ್ದಕ್ಕೂ ಹಳೆಯ ಕಂಪನಿ ಹೇಳಿದ್ದಕ್ಕೂ ತಾಳೆಯಾದರೆ, ನೋಟಿಸ್ ಕೊಟ್ಟಿಲ್ಲ ಎಂದಿದ್ದರೂ, ಬಹಳ ಸಲ ಹಳದಿಯಲ್ಲೇ ನಿಲ್ಲುತ್ತದೆ. ಹಳದಿ ಬಂದವರನ್ನು ಕರೆದು ಒಂದು ವಿವರಣೆ ಕೇಳುತ್ತಾರೆ, ತೃಪ್ತಿಯಾದರೆ ಸೇರಿಸಿಕೊಳ್ಳುತ್ತಾರೆ. ಕೆಂಪು ಬರುವುದು ತಾಳೆಯಾಗದಾಗ. ಕನ್ಸಲ್ಟೆನ್ಸಿಯವರ ಎರಡೂ ಸಲಹೆಗಳು ನಿಮ್ಮನ್ನು ನೇರವಾಗಿ ಅಲ್ಲಿಗೇ ಒಯ್ಯುತ್ತವೆ.

ಕೆಲಸವನ್ನೇ ಮುಚ್ಚಿಡುತ್ತೇನೆ ಎಂದುಕೊಳ್ಳಿ. ನಿಮ್ಮ ಸಂಬಳದಲ್ಲಿ ಬಹುಶಃ ಪಿಎಫ್ ಕಡಿತವಾಗಿರುತ್ತದೆ. ಹೊಸ ಕಂಪನಿಗೆ ಸೇರುವ ದಿನ ನಮೂನೆ 11ರಲ್ಲಿ ಹಿಂದೆ ಸದಸ್ಯರಾಗಿದ್ದಿರಾ ಎಂದು ಕೇಳುತ್ತಾರೆ. ಪಿಎಫ್ ಸದಸ್ಯರ ಕಾಯಂ ಸಂಖ್ಯೆಯಾದ ಯುಎಎನ್ ಹಾಕಿದ ಕೂಡಲೇ ಹಳೆಯ ಕಂಪನಿಯ ಹೆಸರು, ಸೇರಿದ ತಾರೀಕು ತೆರೆಯ ಮೇಲೆ ಬರುತ್ತವೆ. ಹದಿನಾಲ್ಕು ತಿಂಗಳು ಮನೆಯಲ್ಲಿದ್ದೆ ಎಂದವರ ಪಿಎಫ್ ಪಾಸ್‌ಬುಕ್‌ನಲ್ಲಿ ಹದಿನಾಲ್ಕು ತಿಂಗಳ ಕಂತು ಕಂಡರೆ ಯಾರಿಗೆ ತಾನೇ ವಿವರಿಸುತ್ತೀರಿ? ಎಂಟು ಸಾವಿರದ ಲೆಟರಿನ ಕಥೆ ಇನ್ನೂ ಕೆಟ್ಟದ್ದು. ಏಜೆನ್ಸಿಯವರು ಆ ಪತ್ರದ ಪ್ರತಿಯನ್ನೇ ಹಳೆಯ ಕಂಪನಿಗೆ ಕಳುಹಿಸಿ ‘ಇದು ನಿಮ್ಮದೇ?’ ಎಂದು ಕೇಳುತ್ತಾರೆ. ಅಲ್ಲಿಯವರೆಗೆ ನೋಟಿಸ್ ಕೊಡದೆ ಹೋದ ಹುಡುಗಿಯಾಗಿದ್ದವರು ಅಲ್ಲಿಂದ ಮುಂದೆ ನಕಲಿ ದಾಖಲೆ ಕೊಟ್ಟವರಾಗುತ್ತೀರಿ. ಈ ಉತ್ತರ ಬರಲು ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಲಸ ಕಾಯಂ ಆದ ಮೇಲೆ ಒಂದು ಮಧ್ಯಾಹ್ನ ಕರೆದು, ಗುರುತಿನ ಚೀಟಿ ಕೇಳಿ ಪಡೆದು, ಗೇಟಿನವರೆಗೆ ಬಿಟ್ಟು ಬಂದ ಪ್ರಕರಣಗಳಿವೆ. ಆ ಕನ್ಸಲ್ಟೆನ್ಸಿಯ ಸಹವಾಸ ಇಂದೇ ಬಿಡಿ. ಅಭ್ಯರ್ಥಿ ಸೇರಿದರೆ ಅವರಿಗೆ ಕಮಿಷನ್, ಆಮೇಲಿನದು ಅವರಿಗೆ ಬೇಕಾಗಿಲ್ಲ.

ಬ್ಲ್ಯಾಕ್‌ಲಿಸ್ಟ್ ಎಂದು ಕೇಳಿದಿರಿ. ನೋಟಿಸ್ ಕೊಡದವರ ಹೆಸರಿರುವ ದೇಶವ್ಯಾಪಿ ಪಟ್ಟಿ ಯಾವುದೂ ಇಲ್ಲ. ಐಟಿ ಕಂಪನಿಗಳ ಒಕ್ಕೂಟವಾದ ನಾಸ್ಕಾಂ 2006ರಲ್ಲಿ ಆರಂಭಿಸಿದ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿಯನ್ನು ಕೆಲವರು ಹಾಗೆ ತಪ್ಪು ತಿಳಿದಿದ್ದಾರೆ. ಅದು ಉದ್ಯೋಗಿಗಳ ಗುರುತು, ಓದು, ಅನುಭವದ ನೋಂದಣಿ, ತಪ್ಪಿತಸ್ಥರ ಪಟ್ಟಿಯಲ್ಲ.

ಪಿಎಫ್ ಖಾತೆಯಲ್ಲಿ ನಿಮ್ಮ ‘ಬಿಟ್ಟ ದಿನ’ ಖಾಲಿ ಇರಬಹುದು. ಹೀಗೆ ಹೋದವರದ್ದನ್ನು ಕಂಪನಿಗಳು ತುಂಬುವುದೇ ಇಲ್ಲ, ಅದರಿಂದ ಹಣ ವರ್ಗಾವಣೆಯೂ ಸಿಕ್ಕಿಹಾಕಿಕೊಳ್ಳುತ್ತದೆ. ಕಂಪನಿಯನ್ನು ಕಾಯಬೇಕಾಗಿಲ್ಲ. ಕೊನೆಯ ಕಂತು ಬಂದು ಎರಡು ತಿಂಗಳಾದ ಮೇಲೆ ಸದಸ್ಯರ ಪೋರ್ಟಲ್‌ನಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಹಾಕಿ ನೀವೇ ತುಂಬಬಹುದು. ಕೊನೆಯ ಕಂತು ಬಂದ ತಿಂಗಳಿನೊಳಗಿನ ತಾರೀಕನ್ನೇ ಹಾಕಿ. ಒಮ್ಮೆ ಹಾಕಿದ್ದನ್ನು ತಿದ್ದಿಸುವುದು ಕಷ್ಟ, ಆದ್ದರಿಂದ ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಮಾಡಿ. ಪಿಎಫ್ ಹಣವನ್ನು ನೋಟಿಸ್ ಬಾಕಿಗೆ ಮುರಿದುಕೊಳ್ಳುವ ಅಧಿಕಾರ ಯಾವ ಕಂಪನಿಗೂ ಇಲ್ಲ.

ಹೊಸ ಕಂಪನಿಗೆ, ಅವರು ಕಂಡುಹಿಡಿಯುವ ಮೊದಲು, ನೀವೇ ಹೇಳಿ: ‘ತಂದೆಗೆ ಪಾರ್ಶ್ವವಾಯುವಾಗಿ ದಿಢೀರನೆ ಊರಿಗೆ ಹೋದೆ, ನೋಟಿಸ್ ಪೂರೈಸಲಾಗಲಿಲ್ಲ. ಈಗ ಅವರೊಂದಿಗೆ ಲೆಕ್ಕ ತೀರಿಸುತ್ತಿದ್ದೇನೆ, ಪತ್ರ ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ನೇಮಕಾತಿ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಬ್ಯಾಂಕ್ ವಿವರ ಕೊಡುತ್ತೇನೆ.’ ಅಳಬೇಡಿ, ಅತಿಯಾಗಿ ಕ್ಷಮೆಯನ್ನೂ ಕೇಳಬೇಡಿ. ಅವರು ನಿಮ್ಮಿಂದ ತಿಳಿಯಬಯಸುವುದು ನಾಳೆ ನಮಗೂ ಹೀಗೆಯೇ ಮಾಡುತ್ತೀರಾ ಎಂಬುದೊಂದನ್ನೇ. ಅಪ್ಪನನ್ನು ಈಗ ಹಗಲು ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಸ್ಪಷ್ಟ ಉತ್ತರ ಸಿದ್ಧವಿಟ್ಟುಕೊಳ್ಳಿ. ಇಷ್ಟಾದರೂ ದೊಡ್ಡ ಸೇವಾ ಕಂಪನಿಗಳಲ್ಲಿ ಕೆಲವು ರಿಲೀವಿಂಗ್ ಲೆಟರ್ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಈ ಕೆಲಸ ತಪ್ಪಲೂಬಹುದು, ಸುಳ್ಳು ಸಮಾಧಾನ ಹೇಳಲಾರೆ. ಸಂಬಳದ ಚೀಟಿ ನೋಡಿ ತೆಗೆದುಕೊಳ್ಳುವ ಸಣ್ಣ, ಮಧ್ಯಮ ಕಂಪನಿಗಳು ಬೇಕಾದಷ್ಟಿವೆ. ಅಲ್ಲಿ ಎರಡು ವರ್ಷ ಕಳೆದರೆ ಮುಂದಿನವರು ಕೇಳುವುದು ಅಲ್ಲಿಯ ಪತ್ರವನ್ನೇ ಮೊದಲು.

ಪ್ರಶ್ನೆ: ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ವಾಲ್ವ್ ಬಿಡಿಭಾಗಗಳ ಸಣ್ಣ ಲೇತ್ ಘಟಕ ನಡೆಸುತ್ತೇನೆ. ಹದಿನಾಲ್ಕು ಜನರಿದ್ದಾರೆ. ಕೈಗೆ ಕೆಲಸ ಕಲಿಸಿದ ಹುಡುಗರು ಸಂಬಳ ಆದ ಮರುದಿನ ಮೊಬೈಲ್ ಸ್ವಿಚ್ ಆಫ್ ಮಾಡಿ ಮಾಯವಾಗುತ್ತಾರೆ, ಆಮೇಲೆ ಪಕ್ಕದ ಓಣಿಯ ಘಟಕದಲ್ಲಿ ಕಾಣಿಸುತ್ತಾರೆ. ಪ್ರತಿಯೊಬ್ಬರ ಒಂದು ತಿಂಗಳ ಸಂಬಳ ಹಿಡಿದಿಟ್ಟುಕೊಂಡರೆ ಹೇಗೆ? ಸತತ ಗೈರಾದವನನ್ನು ತೆಗೆದುಹಾಕಿದೆ ಎಂದು ಬರೆದರೆ ಸಾಕೇ?
(ಒಬ್ಬ ಉದ್ಯಮಿ, ಹುಬ್ಬಳ್ಳಿ)

ಉತ್ತರ: ಹಿಡಿದಿಟ್ಟುಕೊಳ್ಳುವಂತಿಲ್ಲ ಸ್ವಾಮಿ. ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೇ ತಾರೀಕಿನೊಳಗೆ ಕೊಡಲೇಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಇನ್ನೂ ಬಿಗಿ: ರಾಜೀನಾಮೆ ಕೊಟ್ಟವನ ಬಾಕಿ ವೇತನವನ್ನೂ ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ನೋಟಿಸ್ ಕೊಡದೆ ಹೋದದ್ದಕ್ಕೆ ದುಡಿದ ಕೂಲಿಯಲ್ಲಿ ಮುರಿದುಕೊಳ್ಳಲು ಕಾನೂನು ಬಿಟ್ಟಿರುವ ಕಿಂಡಿ ಒಂದೇ. ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು, ಸಕಾರಣವಿಲ್ಲದೆ, ಕರಾರಿನ ನೋಟಿಸ್ ಕೊಡದೆ ಒಟ್ಟಿಗೆ ಗೈರಾದರೆ, ಕರಾರಿನಲ್ಲಿ ಹಾಗೆ ಬರೆದಿದ್ದರೆ, ಎಂಟು ದಿನದ ವೇತನ ಮೀರದಂತೆ ಕಡಿತ ಮಾಡಬಹುದು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದದ್ದೇ ಹೊಸ ಸಂಹಿತೆಯಲ್ಲೂ ಮುಂದುವರಿದಿದೆ. ನಿಮ್ಮ ಹದಿನಾಲ್ಕು ಜನರಲ್ಲಿ ಹತ್ತು ಜನ ಒಟ್ಟಿಗೆ ಹೋದರೆ ನೀವು ಚಿಂತಿಸಬೇಕಾದದ್ದು ಎಂಟು ದಿನದ ಕೂಲಿಯ ಬಗ್ಗೆ ಅಲ್ಲ.

ಹೆಸರು ಹೊಡೆದುಹಾಕುವ ಮೊದಲು ಪತ್ರ ಬರೆಯಿರಿ. ನಮ್ಮ ಕಾರ್ಖಾನೆಯಲ್ಲಿ ಮಸ್ಟರ್ ರೋಲಿನಲ್ಲಿ ಕೆಂಪು ಶಾಯಿಯ ಎಂಟು ಗೈರು ಸಾಲಾಗಿ ಬಿದ್ದರೆ ಕೆಲಸ ಹೋಯಿತೆಂದೇ ಹಳೆಯ ಗುಮಾಸ್ತರು ನಂಬಿದ್ದರು, ಸ್ಥಾಯಿ ಆದೇಶಗಳಲ್ಲಿ (ಕಾರ್ಖಾನೆಯ ಸೇವಾ ನಿಯಮಗಳಲ್ಲಿ) ಹಾಗೆ ಬರೆದೂ ಇತ್ತು. 1993ರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಎಂಟು ದಿನದ ಪ್ರಕರಣದಲ್ಲಿ, ಕಾರ್ಮಿಕನ ಮಾತು ಕೇಳದೆ ಹೆಸರು ತೆಗೆದದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂದಿತು. ಆದ್ದರಿಂದ ಆತನ ಊರಿನ ವಿಳಾಸಕ್ಕೆ ‘ಇಂಥ ದಿನದೊಳಗೆ ಹಾಜರಾಗಿ ಇಲ್ಲವೇ ಕಾರಣ ತಿಳಿಸಿ’ ಎಂಬ ಪತ್ರ ಹೋಗಲಿ, ರಸೀದಿ ಫೈಲಿನಲ್ಲಿರಲಿ. ಕನ್ನಡದಲ್ಲೇ ಬರೆಯಿರಿ, ಓದುವವನು ಅವನು.

ನನಗೆ ಅನ್ನಿಸುವುದನ್ನೂ ಹೇಳಿಬಿಡುತ್ತೇನೆ. ಎಂಟನೇ ತಾರೀಕು ಮಾಯವಾಗುವ ಹುಡುಗ ಮೊದಲ ವಾರದ ಏಳು ದಿನದ ಕೂಲಿ ಬಿಟ್ಟು ಹೋಗುತ್ತಿದ್ದಾನೆ. ಹೊಟ್ಟೆಪಾಡಿನವನು ಏಳು ದಿನದ ದುಡಿಮೆ ಸುಮ್ಮನೆ ಬಿಡುವುದಿಲ್ಲ. ಹೇಳಿದರೆ ಇಡೀ ತಿಂಗಳದ್ದು ಸಿಗುವುದಿಲ್ಲ ಎಂಬ ಮಾತು ನಿಮ್ಮ ಶೆಡ್ಡಿನಲ್ಲಿ ಈಗಾಗಲೇ ಓಡಾಡುತ್ತಿರಬೇಕು. ಒಬ್ಬ ಹುಡುಗನನ್ನಾದರೂ ಹದಿನೈದು ದಿನ ಮೊದಲು ಹೇಳಿದ್ದಕ್ಕೆ ಪೂರ್ತಿ ಲೆಕ್ಕ ಕೊಟ್ಟು, ಎಲ್ಲರೆದುರು ಕಳುಹಿಸಿ ನೋಡಿ. ಪಕ್ಕದ ಓಣಿಯವರು ಎಷ್ಟು ಹೆಚ್ಚು ಕೊಡುತ್ತಿದ್ದಾರೆ ಎಂಬುದನ್ನೂ ವಿಚಾರಿಸಿ.

ಪ್ರಶ್ನೆ: ಸಾರ್ವಜನಿಕ ವಲಯದ ಬ್ಯಾಂಕ್ ಒಂದರಲ್ಲಿ ಅಧಿಕಾರಿಯಾಗಿ ಒಂದು ವರ್ಷವಾಗಿದೆ. ಮೂರು ವರ್ಷದ ಮೊದಲು ಬಿಟ್ಟರೆ 2 ಲಕ್ಷ ಕೊಡಬೇಕೆಂಬ ಬಾಂಡ್‌ಗೆ ಸಹಿ ಹಾಕಿದ್ದೇನೆ. ಇನ್ನೊಂದು ಬ್ಯಾಂಕಿಗೆ ಆಯ್ಕೆಯಾಗಿದ್ದೇನೆ. ಇಂಥ ಬಾಂಡ್ ಕಾನೂನಿನಲ್ಲಿ ನಿಲ್ಲುವುದಿಲ್ಲ, ಹೇಳದೆ ಹೋಗಿ ಸೇರು ಎನ್ನುತ್ತಾರೆ ಗೆಳೆಯರು.
(ಕುಂದಾಪುರದ ಓದುಗ)

ಉತ್ತರ: ಗೆಳೆಯರ ಕಾನೂನು ಹಳೆಯದಾಯಿತು. ನಿಮ್ಮದೇ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವನ್ನೇ ನೋಡಿ. 2007ರಲ್ಲಿ ಸೇರಿದ ಹಿರಿಯ ವ್ಯವಸ್ಥಾಪಕರೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಷರತ್ತಿನಂತೆ 2 ಲಕ್ಷವನ್ನು ಆಕ್ಷೇಪ ದಾಖಲಿಸಿ ಕಟ್ಟಿದರು, ಆಮೇಲೆ ಹೈಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ಹೇಳಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಿರುವಿಹಾಕಿತು. ಇದು ಕೆಲಸ ಮಾಡದಂತೆ ತಡೆಯುವ ಷರತ್ತಲ್ಲ, ಅವಧಿಗೆ ಮೊದಲು ಬಿಟ್ಟರೆ ನಷ್ಟ ತುಂಬುವ ಷರತ್ತು, ಆದ್ದರಿಂದ 1872ರ ಕರಾರು ಕಾಯ್ದೆಯ 27ನೇ ಕಲಮಿಗೆ ವಿರುದ್ಧವಲ್ಲ ಎಂದಿತು. ಸಾರ್ವಜನಿಕ ಬ್ಯಾಂಕುಗಳು ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಮತ್ತೆ ನೇಮಿಸಿಕೊಳ್ಳಬೇಕಾದ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಖಾಸಗಿ ಕಂಪನಿಗಳು ತರಬೇತಿಯನ್ನೇ ಕೊಡದೆ ಬರೆಸಿಕೊಳ್ಳುವ ಐದು ಲಕ್ಷ, ಹತ್ತು ಲಕ್ಷದ ಬಾಂಡ್‌ಗಳಿಗೆಲ್ಲ ಇದು ಪರವಾನಗಿ ಎಂದು ಓದಬಾರದು. ಮೊತ್ತ ಸಮಂಜಸವೇ ಎಂಬ ಪ್ರಶ್ನೆ ಅಲ್ಲಿ ಉಳಿದೇ ಇದೆ. ನಿಮ್ಮ ಬಾಂಡ್ ಮಾತ್ರ ಹೆಚ್ಚುಕಡಿಮೆ ಅದೇ ಅಚ್ಚಿನದು.

ಹೇಳದೆ ಹೋದರೆ ಹೊಸ ಬ್ಯಾಂಕಿನವರು ಸೇರುವ ದಿನ ಬಿಡುಗಡೆ ಪತ್ರ ಕೇಳುತ್ತಾರೆ, ಆಗ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಹಳೆಯ ಬ್ಯಾಂಕಿನವರು ಶಿಸ್ತು ಕ್ರಮ ಆರಂಭಿಸಿದರೆ ರಾಜೀನಾಮೆಯನ್ನು ಒಪ್ಪದೆಯೂ ಇರಬಹುದು. ರಾಜೀನಾಮೆ ಕೊಡಿ, 2 ಲಕ್ಷ ಹೊಂದಿಸಿ, ಸೇರುವ ದಿನಾಂಕ ಮುಂದೂಡುವಂತೆ ಹೊಸ ಬ್ಯಾಂಕಿಗೆ ಪತ್ರ ಬರೆಯಿರಿ. ಎರಡು ಬ್ಯಾಂಕುಗಳ ಸಂಬಳದಲ್ಲಿ ದೊಡ್ಡ ವ್ಯತ್ಯಾಸವೇ ಇಲ್ಲದಿದ್ದರೆ, ಊರಿಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಇಷ್ಟು ಕೊಡಬೇಕೇ ಎಂದು ಮನೆಯವರೊಂದಿಗೆ ಕುಳಿತು ಮಾತಾಡಿ. ಹೊಸ ಕಡೆಯೂ ಬಾಂಡ್ ಇರುತ್ತದೆ, ವರ್ಗಾವಣೆಯೂ ಇರುತ್ತದೆ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ರಾತ್ರಿ ಪಾಳಿ ತಡೆಯಲಾರದೆ ನರ್ಸಿಂಗ್ ಹೋಮ್ ಒಂದರ ಕೆಲಸವನ್ನು ಒಂದೇ ದಿನದಲ್ಲಿ ಬಿಟ್ಟೆ. ಸೇರುವಾಗ ಪಡೆದ ನನ್ನ ಮೂಲ ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ ಕೊಡುತ್ತಿಲ್ಲ.
(ಕಲಬುರಗಿ)

ಉತ್ತರ: ನೋಟಿಸ್ ಬಾಕಿಗೆ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಯಾವ ಯಾವ ಮೂಲ ಪ್ರತಿಗಳು ಅವರಲ್ಲಿವೆ ಎಂದು ಒಂದೊಂದಾಗಿ ಬರೆದು, ಏಳು ದಿನದೊಳಗೆ ಹಿಂದಿರುಗಿಸಿ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ. ಉತ್ತರ ಬಾರದಿದ್ದರೆ ಪತ್ರದ ಪ್ರತಿ, ರಸೀದಿ ಹಿಡಿದು ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋಗಿ, ಠಾಣೆಗೂ ದೂರು ಕೊಡಿ. ಬಾಕಿ ಹಣದ ಜಗಳ ಬೇರೆ, ಅದನ್ನು ಇದರೊಂದಿಗೆ ಬೆರೆಸಲು ಬಿಡಬೇಡಿ. ಮುಂದೆ ಎಲ್ಲೇ ಸೇರುವಾಗಲೂ ಮೂಲ ಪ್ರತಿಯನ್ನು ತೋರಿಸಿ ವಾಪಸ್ ಪಡೆಯಿರಿ.

ಪ್ರಶ್ನೆ: ಎರಡೇ ದಿನ ಹೋಗಿ ಬಿಟ್ಟ ಕೆಲಸವನ್ನು ರೆಸ್ಯುಮೆಯಲ್ಲಿ ಹಾಕಬೇಕೇ?
(ತುಮಕೂರು)

ಉತ್ತರ: ರೆಸ್ಯುಮೆಯಲ್ಲಿ ಬೇಡ. ಆದರೆ ‘ಈವರೆಗಿನ ಎಲ್ಲ ಉದ್ಯೋಗಗಳನ್ನು ನಮೂದಿಸಿ’ ಎಂದು ನಮೂನೆಯಲ್ಲಿ ಕೇಳಿ ಸಹಿ ಹಾಕಿಸಿಕೊಂಡರೆ ಅಲ್ಲಿ ಬರೆಯಿರಿ. ಆ ಎರಡು ದಿನದಲ್ಲೇ ಅವರು ನಿಮ್ಮ ಯುಎಎನ್‌ಗೆ ತಮ್ಮ ಸಂಸ್ಥೆಯನ್ನು ಜೋಡಿಸಿಬಿಟ್ಟಿದ್ದಾರೆಯೇ ಎಂದು ಮೊದಲು ಪಿಎಫ್ ಪೋರ್ಟಲ್‌ನಲ್ಲಿ ಸೇವಾ ವಿವರ ತೆರೆದು ನೋಡಿ.